ಡ್ರೈ ಐಸ್: ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ, ಕೊಂಡ ಮೇಲೆ ಮಾಡಬೇಕಾದ ಕೆಲಸ

ಡ್ರೈ ಐಸ್ ಮುಟ್ಟಿದರೆ ಕೈ ಸುಟ್ಟಂತಾಗುತ್ತದೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಹಾಗಾಗಿ ಕೈಗವಸು ಮರೆಯುವವರು ಕಡಿಮೆ. ಆದರೆ ಅದೇ ಜನ ಹತ್ತು ಕಿಲೋ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಹೊರಟುಬಿಡುತ್ತಾರೆ. ಡ್ರೈ ಐಸ್‌ನಿಂದ ಜೀವ ಹೋದ ಪ್ರಕರಣಗಳಲ್ಲಿ ಮುಖ್ಯ ಕಾರಣ ಚಳಿಯಲ್ಲ, ಅದು ಬಿಡುವ ಅನಿಲ. ಆದ್ದರಿಂದ ಇಲ್ಲಿ ಎಲ್ಲ ಕೆಲಸವೂ ಅನಿಲದ ಲೆಕ್ಕದಿಂದಲೇ ಶುರುವಾಗುತ್ತದೆ. ಮಿಕ್ಕದ್ದು ಸುಲಭ.

ಇದು ವರ್ತಿಸುವ ಬಗೆ

ಡ್ರೈ ಐಸ್ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ನೀರಿನ ಅಂಶ ಇದರಲ್ಲಿಲ್ಲ. ದ್ರವರೂಪದ ಇಂಗಾಲದ ಡೈಆಕ್ಸೈಡನ್ನು ಒತ್ತಡದಿಂದ ಒಮ್ಮೆಲೇ ಹೊರಬಿಟ್ಟಾಗ ಒಂದು ಭಾಗ ಅನಿಲವಾಗಿ ಹಾರಿಹೋಗುತ್ತದೆ. ಹಾಗೆ ಹಾರುವಾಗ ಅದು ಶಾಖವನ್ನು ಹೀರಿಕೊಳ್ಳುವುದರಿಂದ ಇನ್ನೊಂದು ಭಾಗ ಹಿಮದ ಪುಡಿಯಾಗಿ ಉದುರುತ್ತದೆ. ಆ ಪುಡಿಯನ್ನು ಯಂತ್ರದಲ್ಲಿ ಒತ್ತಿದರೆ ಇಟ್ಟಿಗೆಯೋ ಕಡ್ಡಿಯಂಥ ಪೆಲೆಟ್ಟೋ ಸಿಗುತ್ತದೆ. ಕಚ್ಚಾವಸ್ತುವಾದ ಅನಿಲ ಸಾಮಾನ್ಯವಾಗಿ ಗೊಬ್ಬರ ಕಾರ್ಖಾನೆ, ಡಿಸ್ಟಿಲರಿಗಳ ಉಪ ಉತ್ಪನ್ನ. ಫ್ರಾನ್ಸಿನ ಥಿಲೋರಿಯೆ 1835ರಲ್ಲೇ ಇದನ್ನು ವರದಿ ಮಾಡಿದ್ದರೂ ‘ಡ್ರೈ ಐಸ್’ ಎಂಬ ಹೆಸರು ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ಅಮೆರಿಕದ ಕಂಪನಿಯೊಂದರ ವ್ಯಾಪಾರಮುದ್ರೆಯಾಗಿ.

ತಟ್ಟೆಯಲ್ಲಿಟ್ಟ ಕರ್ಪೂರ ಒದ್ದೆಯೂ ಮಾಡದೆ ಸವೆದುಹೋಗುವಂತೆ ಇದೂ ಕರಗದೆ ನೇರವಾಗಿ ಅನಿಲವಾಗುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಇದು ಉತ್ಪತನ. ಸಮುದ್ರಮಟ್ಟದ ಒತ್ತಡದಲ್ಲಿ ಇದು ನಡೆಯುವುದು ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ಇನ್ನೂ ಒಂದು ಡಿಗ್ರಿಯಷ್ಟು ಕೆಳಗೆ. ದ್ರವವಾಗಬೇಕಾದರೆ ವಾಯುಮಂಡಲದ ಐದು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು, ಕರೆಕ್ಟಾಗಿ ಹೇಳುವುದಾದರೆ 5.18 ಬಾರ್. ತೆರೆದ ಪಾತ್ರೆಯಲ್ಲಿ ಅದು ಸಾಧ್ಯವೇ ಇಲ್ಲ.

ಒಂದು ಕಿಲೋ ಡ್ರೈ ಐಸ್ ಅನಿಲವಾಗಲು ಸುಮಾರು 571 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋ ಮಂಜುಗಡ್ಡೆ ಕರಗಲು ಬೇಕಾದದ್ದು 334. ಡ್ರೈ ಐಸ್‌ನ ಸಾಂದ್ರತೆಯೂ ಹೆಚ್ಚು, ನೀರಿನ ಒಂದೂವರೆ ಪಟ್ಟು. ಒಟ್ಟಿನಲ್ಲಿ ಒಂದೇ ಗಾತ್ರದ ಎರಡು ಗಡ್ಡೆಗಳನ್ನು ಹೋಲಿಸಿದರೆ ಇದರ ತಂಪುಶಕ್ತಿ ಮಂಜುಗಡ್ಡೆಯ ಸುಮಾರು ಮೂರರಷ್ಟು.

ಮೊದಲ ಹೆಜ್ಜೆ: ಅನಿಲದ ಲೆಕ್ಕ

ನೆನಪಿಡಬೇಕಾದ ಸಂಖ್ಯೆ ಒಂದೇ: ಒಂದು ಕಿಲೋ ಡ್ರೈ ಐಸ್ ಕೋಣೆಯ ಉಷ್ಣತೆಯಲ್ಲಿ ಸುಮಾರು 550 ಲೀಟರ್ ಅನಿಲವಾಗುತ್ತದೆ.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28,300 ಲೀಟರ್ ಗಾಳಿ ಇರುತ್ತದೆ. ಬಾಗಿಲು ಕಿಟಕಿ ಮುಚ್ಚಿ ಒಂದು ಕಿಲೋ ಪೂರ್ತಿ ಆವಿಯಾಗಲು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಶೇ. 1.9ಕ್ಕೆ ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು ಶೇ. 0.04ರಷ್ಟು. ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ ಶೇ. 0.5 ಮೀರಬಾರದೆಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಮಿತಿ. ಹದಿನೈದು ನಿಮಿಷಕ್ಕೆ ಶೇ. 3. ಶೇ. 4ನ್ನು ತಕ್ಷಣದ ಅಪಾಯದ ಮಟ್ಟವೆಂದು ಪರಿಗಣಿಸುತ್ತಾರೆ. ಶೇ. 10 ತಲುಪಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತದೆ. ಆ ಹತ್ತಡಿ ಕೋಣೆಯಲ್ಲಿ ಎರಡೂವರೆ ಕಿಲೋ ಆವಿಯಾದರೆ ಸಾಕು, ಶೇ. 4ರ ಗೆರೆ ದಾಟಿರುತ್ತದೆ.

ಸೂತ್ರ ಇಷ್ಟೇ: ಕಿಲೋಗಳನ್ನು 550ರಿಂದ ಗುಣಿಸಿ, ಕೋಣೆಯ ಗಾತ್ರದಿಂದ (ಲೀಟರಿನಲ್ಲಿ) ಭಾಗಿಸಿ, ನೂರರಿಂದ ಗುಣಿಸಿ. ಉತ್ತರ ಅರ್ಧಕ್ಕಿಂತ ಹೆಚ್ಚು ಬಂದರೆ ಕಿಟಕಿ ತೆರೆದೇ ಕೆಲಸ ಮಾಡಬೇಕು. ಎರಡಕ್ಕಿಂತ ಹೆಚ್ಚಾದರೆ ಆ ಜಾಗ ಬಿಟ್ಟು ಬೇರೆ ನೋಡಿ.

ಈ ಲೆಕ್ಕವೂ ಸ್ವಲ್ಪ ಉದಾರವೇ. ಅನಿಲ ಕೋಣೆ ತುಂಬ ಸಮವಾಗಿ ಬೆರೆಯುತ್ತದೆ ಎಂದು ಅದು ಊಹಿಸುತ್ತದೆ. ವಾಸ್ತವದಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಅದರ ಮೇಲೆ ಕೊರೆಯುವ ತಣ್ಣಗೆ. ಹಾಗಾಗಿ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆ, ಸಂಪು, ಲಿಫ್ಟ್ ಗುಂಡಿ, ವೇದಿಕೆಯ ಕೆಳಗಿನ ಜಾಗ ಇವೆಲ್ಲ ಅದು ಸೇರುವ ತಾಣಗಳು. 2020ರ ಫೆಬ್ರವರಿಯಲ್ಲಿ ಮಾಸ್ಕೋದ ಹುಟ್ಟುಹಬ್ಬದ ಕೂಟವೊಂದರಲ್ಲಿ ಮಂಜಿನ ಸೊಗಸಿಗೆಂದು ಒಳಾಂಗಣದ ಈಜುಕೊಳಕ್ಕೆ ಇಪ್ಪತ್ತೈದು-ಮೂವತ್ತು ಕಿಲೋ ಡ್ರೈ ಐಸ್ ಸುರಿದರು. ನೀರಿನ ಮಟ್ಟದಲ್ಲಿ ಉಸಿರಾಡುತ್ತಿದ್ದವರಲ್ಲಿ ಮೂವರು ಸತ್ತರು.

ಇನ್ನೆರಡು ಮಾತು. ಆಮ್ಲಜನಕ ಅಳೆಯುವ ಮೀಟರನ್ನು ನಂಬಿ ಕೂರಬೇಡಿ. ಇಂಗಾಲದ ಡೈಆಕ್ಸೈಡ್ ಶೇ. 4ಕ್ಕೆ ಏರಿದರೂ ಆಮ್ಲಜನಕ ಶೇ. 20.9ರಿಂದ 20ರ ಆಸುಪಾಸಿಗೆ ಇಳಿದಿರುತ್ತದೆ ಅಷ್ಟೇ, ಅಲಾರಂ ಹೊಡೆಯುವುದಿಲ್ಲ. ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಮೀಟರ್ ಬೇಕು. ಹಾಳುಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವ ನಮ್ಮ ಹಳೆಯ ರೂಢಿಯೂ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ದೀಪ ಆರಿತೆಂದರೆ ಇಳಿಯಬಾರದು, ಸರಿ. ದೀಪ ಉರಿಯುತ್ತಿದೆ ಎಂದರೆ ಸುರಕ್ಷಿತ ಎಂದಲ್ಲ. ದೀಪ ಆರುವ ಮಟ್ಟಕ್ಕೆ ಬರುವ ಮೊದಲೇ ಮನುಷ್ಯನಿಗೆ ತಲೆ ಸುತ್ತಿರುತ್ತದೆ.

ಕೊಳ್ಳುವಾಗ

ಕೈಗಾರಿಕಾ ಅನಿಲ ಮಾರುವವರ ಬಳಿ, ದೊಡ್ಡ ಐಸ್‌ಕ್ರೀಂ ವಿತರಕರ ಬಳಿ, ನಗರಗಳಲ್ಲಿ ಆನ್‌ಲೈನಿನಲ್ಲೂ ಸಿಗುತ್ತದೆ. ಮಂಜು ಬರಿಸಲು, ಪ್ರಯೋಗಕ್ಕೆ ಪೆಲೆಟ್ ಒಳ್ಳೆಯದು. ಸರಕು ಸಾಗಣೆಗೆ, ಎರಡು ದಿನ ಇಟ್ಟುಕೊಳ್ಳುವುದಕ್ಕೆ ಇಟ್ಟಿಗೆಯೇ ಸರಿ. ಪೆಲೆಟ್‌ಗೆ ಮೇಲ್ಮೈ ಜಾಸ್ತಿ, ಬೇಗ ಆವಿಯಾಗುತ್ತದೆ.

ಹೊಸ ಮಾಲು ಗಟ್ಟಿಯಾಗಿ, ಅಂಚು ಚೂಪಾಗಿ ಇರುತ್ತದೆ. ಹಳೆಯದರ ಮೇಲೆ ಬಿಳಿ ಹಿಮದ ಪದರ ದಪ್ಪವಾಗಿ ಕೂತಿರುತ್ತದೆ. ಅದು ಗಾಳಿಯ ತೇವ ಹೆಪ್ಪುಗಟ್ಟಿದ್ದು, ಅಂದರೆ ನೀವು ದುಡ್ಡು ಕೊಟ್ಟು ಮಾಮೂಲಿ ಮಂಜುಗಡ್ಡೆಯನ್ನೂ ತೂಗಿಸಿಕೊಳ್ಳುತ್ತಿದ್ದೀರಿ. ಆಹಾರದ ಹತ್ತಿರ ಬಳಸುವುದಾದರೆ ಆಹಾರದರ್ಜೆಯದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಬೇಕಾದ ದಿನವೇ ಕೊಳ್ಳಿ, ನಿಮ್ಮೆದುರೇ ತೂಗಿಸಿ.

ಜತೆಗೆ ಇವು ಕೈಯಲ್ಲಿರಲಿ: ಒಳಗೆ ಬಟ್ಟೆಯ ಪದರವಿರುವ ದಪ್ಪ ಚರ್ಮದ ಕೈಗವಸು, ಇಕ್ಕಳ, ಕಣ್ಣಿಗೆ ಮುಚ್ಚಿದ ಕನ್ನಡಕ, ಗೋಡೆ 4–5 ಸೆಂ.ಮೀ. ದಪ್ಪವಿರುವ ಥರ್ಮೋಕೋಲ್ ಪೆಟ್ಟಿಗೆ, ಒಂದು ತಕ್ಕಡಿ. ಆಸ್ಪತ್ರೆಯ ತೆಳು ರಬ್ಬರ್ ಕೈಗವಸು ಇಲ್ಲಿ ಕೆಲಸಕ್ಕೆ ಬಾರದು. ಒದ್ದೆಯಾದ ಕೈಗವಸು ಇನ್ನೂ ಕೆಟ್ಟದ್ದು, ಅದೇ ಹೆಪ್ಪುಗಟ್ಟಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಮನೆಗೆ ತರುವುದು, ಇಟ್ಟುಕೊಳ್ಳುವುದು

ಕಾರಿನ ಒಳಗೆ ಸುಮಾರು 3,000 ಲೀಟರ್ ಗಾಳಿ. ಒಂದು ಸಾಧಾರಣ ಪೆಟ್ಟಿಗೆ ದಿನಕ್ಕೆ 5 ಕಿಲೋ ಕಳೆದುಕೊಳ್ಳುತ್ತದೆ ಎಂದರೆ ಗಂಟೆಗೆ 200 ಗ್ರಾಂ, ಅಂದರೆ 110 ಲೀಟರ್ ಅನಿಲ. ಗಾಳಿಯಾಡದಂತೆ ಮುಚ್ಚಿದರೆ ಒಂದೇ ಗಂಟೆಯಲ್ಲಿ ಶೇ. 3.6. ಆದ್ದರಿಂದ ಎದುರುಬದುರಿನ ಎರಡು ಗಾಜು ನಾಲ್ಕು ಬೆರಳಾದರೂ ಇಳಿಸಿ. ಎ.ಸಿ. ಬೇಕೆಂದರೆ ಹೊರಗಾಳಿ ಎಳೆದುಕೊಳ್ಳುವ ಸ್ಥಾನದಲ್ಲಿಡಿ. ಡಿಕ್ಕಿಯಲ್ಲಿಟ್ಟರೂ ಇದೇ ನಿಯಮ, ಏಕೆಂದರೆ ಬಹಳಷ್ಟು ಕಾರುಗಳಲ್ಲಿ ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ಗಾಳಿ ಸುಳಿಯುತ್ತದೆ. ನಿಲ್ಲಿಸಿದ ಕಾರಿನಲ್ಲಿ ಪೆಟ್ಟಿಗೆ ಬಿಟ್ಟು ಹೋಗಿದ್ದರೆ, ವಾಪಸು ಬಂದು ನಾಲ್ಕೂ ಬಾಗಿಲು ತೆರೆದು ಒಂದೆರಡು ನಿಮಿಷ ಬಿಟ್ಟು ಹತ್ತಿ. ಮಗುವನ್ನೋ ನಾಯಿಯನ್ನೋ ಅದರೊಂದಿಗೆ ಒಳಗೆ ಬಿಡುವ ಮಾತೇ ಇಲ್ಲ.

ಮನೆಯಲ್ಲಿ ಪೆಟ್ಟಿಗೆಯನ್ನು ಗಾಳಿಯಾಡುವ ನೆರಳಿನಲ್ಲಿಡಿ. ಹೊರಗಿನ ವರಾಂಡ ಉತ್ತಮ, ಮಲಗುವ ಕೋಣೆಯೂ ಸ್ಟೋರ್ ರೂಮೂ ಬೇಡ. ಮುಚ್ಚಳ ಹಾಗೇ ಕೂರಲಿ, ಸುತ್ತ ಟೇಪ್ ಸುತ್ತಿ ಬಿಗಿಯಬೇಡಿ.

ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿಟ್ಟರೆ ಉಳಿದುಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಫ್ರೀಜರ್ ಇರುವುದು ಮೈನಸ್ 18ರಲ್ಲಿ, ಡ್ರೈ ಐಸ್‌ಗೆ ಅದು ಬೇಸಿಗೆ. ಸವೆತ ನಿಲ್ಲುವುದಿಲ್ಲ. ಮೇಲಾಗಿ ಒಳಗಿನ ಥರ್ಮೋಸ್ಟಾಟ್ ‘ಸಾಕಷ್ಟು ತಂಪಾಗಿದೆ’ ಎಂದುಕೊಂಡು ಕಂಪ್ರೆಸರ್ ನಿಲ್ಲಿಸಿಬಿಡಬಹುದು, ಕೆಳಗಿನ ಭಾಗದ ಹಾಲು ಮೊಸರು ಹಾಳು. ವಿದ್ಯುತ್ತೇ ಇಲ್ಲದ ಹೊತ್ತಿನಲ್ಲಿ ಮಾತ್ರ ಇದು ನಿಜಕ್ಕೂ ಆಪದ್ಬಾಂಧವ: ತುಂಬಿದ 500 ಲೀಟರಿನ ಡೀಪ್ ಫ್ರೀಜರಿಗೆ 23 ಕಿಲೋ ಹಾಕಿದರೆ ಎರಡು ದಿನ ತಡೆಯುತ್ತದೆ. ಮೇಲಿನ ಹಂತದಲ್ಲಿ ರಟ್ಟು ಹಾಸಿ ಅದರ ಮೇಲಿಡಿ. ಮತ್ತೆ ತೆರೆಯುವಾಗ ಕೋಣೆಯ ಕಿಟಕಿ ತೆರೆದಿರಲಿ, ಮುಖ ಒಳಗೆ ತೂರಿಸಬೇಡಿ.

ಇಟ್ಟಿಗೆ ಒಡೆಯುವುದಾದರೆ ದಪ್ಪ ಗೋಣಿಚೀಲದಲ್ಲೋ ಹಳೇ ಟವೆಲಿನಲ್ಲೋ ಸುತ್ತಿ, ಮರದ ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಗ್ರಾನೈಟ್ ಕಟ್ಟೆಯ ಮೇಲೆ ಬೇಡ. ಸುತ್ತದೆ ಹೊಡೆದರೆ ಚೂರುಗಳು ಸಿಡಿಯುತ್ತವೆ, ಕನ್ನಡಕ ಬೇಕಾಗುವುದು ಇಲ್ಲೇ.

ಶೀತಲ ಸರಕು ಪ್ಯಾಕ್ ಮಾಡುವ ಕ್ರಮ

ಎಷ್ಟು ಬೇಕು ಎಂಬುದು ಪೆಟ್ಟಿಗೆಯ ಗೋಡೆಯನ್ನು ಅವಲಂಬಿಸಿದೆ, ಒಳಗಿನ ಸಾಮಾನಿನ ತೂಕವನ್ನಲ್ಲ. ಮೊದಲೇ ಹೆಪ್ಪುಗಟ್ಟಿಸಿದ ಸರಕಾದರೆ ಅದು ಸ್ವತಃ ಹೆಚ್ಚು ತಂಪು ಬೇಡುವುದಿಲ್ಲ. ಡ್ರೈ ಐಸ್ ಖರ್ಚಾಗುವುದು ಗೋಡೆಯ ಮೂಲಕ ಒಳನುಗ್ಗುವ ಶಾಖವನ್ನು ತಡೆಯಲು. 20 ಲೀಟರ್ ಒಳಗಾತ್ರದ, 5 ಸೆಂ.ಮೀ. ಗೋಡೆಯ ಪೆಟ್ಟಿಗೆಗೆ ನಮ್ಮ ಬೇಸಿಗೆಯಲ್ಲಿ ದಿನಕ್ಕೆ 4ರಿಂದ 5 ಕಿಲೋ ಹಿಡಿಯಿರಿ. ಗೋಡೆ ಅರ್ಧ ದಪ್ಪವಾದರೆ ಖರ್ಚು ಹೆಚ್ಚುಕಡಿಮೆ ಎರಡರಷ್ಟು. ಮೀನು ಮಾರುವವರು ಬಳಸುವ ತೆಳು ಥರ್ಮೋಕೋಲ್ ಪೆಟ್ಟಿಗೆ ದೂರದ ಪಾರ್ಸೆಲ್ಲಿಗೆ ಸೋಲುವುದು ಇದೇ ಕಾರಣಕ್ಕೆ.

ಊಹೆಗಿಂತ ತಕ್ಕಡಿ ವಾಸಿ. ಪೆಟ್ಟಿಗೆಗೆ ಡ್ರೈ ಐಸ್ ತುಂಬಿ ತೂಗಿ, ಆರು ಗಂಟೆ ಬಿಟ್ಟು ಮತ್ತೆ ತೂಗಿ. ಕಡಿಮೆಯಾದದ್ದನ್ನು ನಾಲ್ಕರಿಂದ ಗುಣಿಸಿದರೆ ದಿನದ ಖರ್ಚು. ಪ್ರಯಾಣದ ದಿನಗಳಿಗೆ ಅದನ್ನು ಲೆಕ್ಕ ಹಾಕಿ, ಮೇಲೆ ಒಂದು ದಿನದ್ದನ್ನು ಸೇರಿಸಿ. ಕೊರಿಯರ್ ಗಾಡಿ ತಡವಾಗುವುದು ಅಪರೂಪವೇನಲ್ಲ.

1. ಸರಕನ್ನು ಹಿಂದಿನ ರಾತ್ರಿಯೇ ಮೈನಸ್ 18ಕ್ಕೆ ಗಟ್ಟಿ ಮಾಡಿ. ಬೆಚ್ಚಗಿನ ಸಾಮಾನು ಹಾಕಿದರೆ ಅರ್ಧ ಡ್ರೈ ಐಸ್ ಅದನ್ನು ತಣಿಸುವುದಕ್ಕೇ ಹೋಗುತ್ತದೆ.
2. ಒಂದಿಷ್ಟು ಡ್ರೈ ಐಸ್ ಚೂರು ಹಾಕಿ ಪೆಟ್ಟಿಗೆಯನ್ನೂ ಅರ್ಧ ಗಂಟೆ ತಣಿಸಿ.
3. ತಳಕ್ಕೆ ಕಾಲು ಭಾಗ ಡ್ರೈ ಐಸ್, ಮೇಲೆ ರಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸರಕು.
4. ಉಳಿದ ಮುಕ್ಕಾಲು ಭಾಗ ಮೇಲೆ ಮತ್ತು ಪಕ್ಕಗಳಲ್ಲಿ. ತಣ್ಣನೆಯ ಅನಿಲ ಕೆಳಗಿಳಿಯುವುದರಿಂದ ಮೇಲಿಟ್ಟದ್ದು ಇಡೀ ಪೆಟ್ಟಿಗೆಯನ್ನು ಕಾಯುತ್ತದೆ.
5. ಖಾಲಿ ಉಳಿದ ಜಾಗವನ್ನೆಲ್ಲ ಮುದ್ದೆ ಮಾಡಿದ ಪತ್ರಿಕೆಯಿಂದ ತುಂಬಿ.
6. ಮುಚ್ಚಳ ಹಾಕಿ ಹೊರಗಿನ ರಟ್ಟಿನ ಪೆಟ್ಟಿಗೆಗೆ ಮಾತ್ರ ಟೇಪ್ ಹಚ್ಚಿ. ಅನಿಲ ಹೊರಬರಲು ಸಂದು ಇರಲೇಬೇಕು.

ವಿಮಾನದಲ್ಲಿ ಕಳಿಸುವುದಾದರೆ ಇದು ಯುಎನ್ 1845 ಸಂಖ್ಯೆಯ, ಒಂಬತ್ತನೇ ವರ್ಗದ ಅಪಾಯಕಾರಿ ಸರಕು. ಪೆಟ್ಟಿಗೆಯ ಮೇಲೆ ಆ ಗುರುತು, ಡ್ರೈ ಐಸ್‌ನ ನಿವ್ವಳ ತೂಕ ಕಿಲೋದಲ್ಲಿ ಬರೆದಿರಬೇಕು. ಪ್ರಯಾಣಿಕರಿಗೆ ತಲೆಗೆ ಎರಡೂವರೆ ಕಿಲೋವರೆಗೆ ಅವಕಾಶವಿದೆ, ಅದೂ ವಿಮಾನಯಾನ ಸಂಸ್ಥೆಯ ಮುಂಗಡ ಒಪ್ಪಿಗೆ ಇದ್ದರೆ.

ಎಲ್ಲಕ್ಕೂ ಇದೇ ಮದ್ದು ಎಂದುಕೊಳ್ಳಬೇಡಿ. ಮಲ್ಲಿಗೆ, ಸೊಪ್ಪು, ಹಣ್ಣು, ತಾಜಾ ಮೀನು ಇವಕ್ಕೆಲ್ಲ ಬೇಕಾದದ್ದು ಸೊನ್ನೆ ಡಿಗ್ರಿಯ ಆಸುಪಾಸು, ಮಾಮೂಲಿ ಮಂಜುಗಡ್ಡೆಯೇ ಸರಿ. ಡ್ರೈ ಐಸ್ ತಾಗಿದರೆ ದಳಗಳೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆದು, ಬಿಚ್ಚಿದಾಗ ಕಪ್ಪು ಮುದ್ದೆ ಸಿಗುತ್ತದೆ. ಐಸ್‌ಕ್ರೀಂ ಕಲ್ಲಾಗಿರುತ್ತದೆ, ತಿನ್ನುವ ಮೊದಲು ಸಾಧಾರಣ ಫ್ರೀಜರಿನಲ್ಲಿ ಕೆಲ ಗಂಟೆ ಇಟ್ಟು ಹದಕ್ಕೆ ತನ್ನಿ.

ಮಂಜು ಬರಿಸುವುದು

ಆರತಕ್ಷತೆಯಲ್ಲಿ ವಧೂವರರು ಮೋಡದ ಮೇಲೆ ನಡೆದು ಬಂದಂತೆ ಕಾಣಿಸುವ ಆ ಬಿಳಿ ಹೊಗೆ ಇಂಗಾಲದ ಡೈಆಕ್ಸೈಡ್ ಅಲ್ಲ. ಆ ಅನಿಲ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ನೀರಿನ ಸಣ್ಣ ಹನಿಗಳು. ಹಾಗಾಗಿ ಮಂಜು ಚದುರಿಹೋದ ಮೇಲೂ ಅನಿಲ ಅಲ್ಲೇ ಇರಬಹುದು.

ಮಂಜು ದಟ್ಟವಾಗಬೇಕಾದರೆ ನೀರು ಬೆಚ್ಚಗಿರಬೇಕು, 50–60 ಡಿಗ್ರಿ. ಕುದಿಯುವ ನೀರು ಬೇಡ, ಅನಿಲ ಭೋರೆಂದು ಉಕ್ಕಿ ಸುಡುನೀರನ್ನು ಎರಚುತ್ತದೆ. ಹೆಚ್ಚಿನವರು ಎಡವುವುದು ನೀರಿನ ಪ್ರಮಾಣದಲ್ಲಿ. 50 ಡಿಗ್ರಿಯ ನಾಲ್ಕು ಲೀಟರ್ ನೀರಿಗೆ ಒಂದು ಕಿಲೋ ಹಾಕಿದರೆ ಅದು ಹೀರುವ ಶಾಖಕ್ಕೆ ನೀರು 12 ಡಿಗ್ರಿಯ ಹತ್ತಿರಕ್ಕೆ ಕುಸಿಯುತ್ತದೆ. ಗಡ್ಡೆಯ ಸುತ್ತ ಮಂಜುಗಡ್ಡೆಯ ಚಿಪ್ಪು ಕಟ್ಟಿಕೊಂಡು ಮಂಜು ಬಡವಾಗುತ್ತದೆ. ಆಗ ‘ಮಾಲು ಸರಿಯಿಲ್ಲ’ ಎಂದು ಮಾರಿದವನನ್ನು ಬೈಯುವುದು ಮಾಮೂಲು. ಕಿಲೋಗೆ 8–10 ಲೀಟರ್ ನೀರಿಟ್ಟರೆ ಈ ತೊಂದರೆಯಿಲ್ಲ. ಪೆಲೆಟ್‌ಗಳನ್ನು ರಂಧ್ರಗಳಿರುವ ಬುಟ್ಟಿಯಲ್ಲಿ ಹಾಕಿ ಸ್ವಲ್ಪಸ್ವಲ್ಪವಾಗಿ ಇಳಿಸಿ, ಮಂಜು ಸಾಕೆನಿಸಿದಾಗ ಮೇಲೆತ್ತಿ. ಬಾಡಿಗೆಯ ಯಂತ್ರಗಳು ಮಾಡುವುದೂ ಇದನ್ನೇ, ಹೀಟರ್ ಮತ್ತು ಫ್ಯಾನ್ ಸೇರಿಸಿಕೊಂಡು.

ಸಭಾಂಗಣದ ಲೆಕ್ಕ ನೋಡಿ. 20 ಮೀಟರ್ ಉದ್ದ, 12 ಅಗಲ, 5 ಎತ್ತರದ ಹಾಲಿನಲ್ಲಿ ಹತ್ತು ಕಿಲೋ ಆವಿಯಾದರೆ ಒಟ್ಟು ಗಾಳಿಯಲ್ಲಿ ಶೇ. 0.5 ಕೂಡ ಇಲ್ಲ, ಚಿಂತೆಯಿಲ್ಲ ಅನಿಸುತ್ತದೆ. ಆದರೆ ಅದು ಬೆರೆಯದೆ ನೆಲದಿಂದ ಅರ್ಧ ಮೀಟರಿನ ಪದರದಲ್ಲೇ ನಿಂತರೆ ಆ ಪದರದಲ್ಲಿ ಶೇ. 4.5. ನಿಂತ ದೊಡ್ಡವರಿಗೆ ಏನೂ ಆಗದ ಹೊತ್ತಿನಲ್ಲೇ ಮಂಜಿನಲ್ಲಿ ಕೂತು ಆಡುವ ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಮಕ್ಕಳನ್ನು ವೇದಿಕೆಯಿಂದ ದೂರವಿಡಿ, ಮುಗಿದ ಕೂಡಲೇ ಬಾಗಿಲು ತೆಗೆದು ಫ್ಯಾನ್ ಹಾಕಿ. ನೆಲ ಒದ್ದೆಯಾಗಿ ಜಾರುತ್ತದೆ ಎಂಬುದನ್ನು ರೇಷ್ಮೆ ಸೀರೆಯವರಿಗೆ ಮೊದಲೇ ಹೇಳಿ.

ತರಗತಿಯಲ್ಲಿ

ಅರ್ಧ ಕಿಲೋ ಪೆಲೆಟ್ ಇದ್ದರೆ ಒಂದು ಪೀರಿಯಡ್ ಧಾರಾಳ.

ಎಲ್ಲಕ್ಕಿಂತ ಚೆನ್ನಾಗಿರುವುದು ಓಕುಳಿಯ ಪ್ರಯೋಗ. ಒಂದು ಗಾಜಿನ ಲೋಟ ನೀರಿಗೆ ಚಿಟಿಕೆ ಅರಿಶಿನ ಕದಡಿ, ಸುಣ್ಣದ ತಿಳಿನೀರನ್ನು ಚಮಚದಲ್ಲಿ ಹಾಕುತ್ತ ಹೋಗಿ. ಕೆಂಪಾದ ಕೂಡಲೇ ನಿಲ್ಲಿಸಿ. ಈಗ ಎರಡು ಮೂರು ಪೆಲೆಟ್ ಹಾಕಿದರೆ ಬಣ್ಣ ಮತ್ತೆ ಹಳದಿಗೆ ತಿರುಗುತ್ತದೆ. ಕರಗಿದ ಅನಿಲ ಕಾರ್ಬಾನಿಕ್ ಆಮ್ಲವಾಗಿ ಸುಣ್ಣದ ಕ್ಷಾರವನ್ನು ತಣಿಸುತ್ತದೆ. ಸುಣ್ಣ ಜಾಸ್ತಿಯಾಗಿದ್ದರೆ ಬಣ್ಣ ತಿರುಗಲು ತಡವಾಗುತ್ತದೆ, ಅದೇ ಇಲ್ಲಿ ಎಡವುವ ಜಾಗ. ಬರೀ ಸುಣ್ಣದ ತಿಳಿನೀರಿನಲ್ಲಿ ಮಾಡಿದರೆ ಮೊದಲು ಹಾಲಿನಂತೆ ಬೆಳ್ಳಗಾಗಿ, ಅನಿಲ ಹೆಚ್ಚಾದಂತೆ ಮತ್ತೆ ತಿಳಿಯಾಗುತ್ತದೆ. ಮೊದಲು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಕರಗುವ ಬೈಕಾರ್ಬೊನೇಟ್.

ಅಗಲ ಪಾತ್ರೆಯ ತಳದಲ್ಲಿ ಪೆಲೆಟ್ ಹರಡಿ ಐದು ನಿಮಿಷ ಬಿಟ್ಟು, ಸೋಪಿನ ಗುಳ್ಳೆಯನ್ನು ಮೇಲಿನಿಂದ ಬಿಟ್ಟರೆ ಕಾಣದ ಅನಿಲದ ಮೇಲೆ ತೇಲುತ್ತದೆ. ಉರಿಯುವ ಮೇಣದಬತ್ತಿಯನ್ನು ಅದೇ ಪಾತ್ರೆಗೆ ಇಳಿಸಿದರೆ ಆರುತ್ತದೆ. ನಾಣ್ಯವನ್ನು ಇಕ್ಕಳದಲ್ಲಿ ಹಿಡಿದು ಗಡ್ಡೆಗೆ ಒತ್ತಿದರೆ ಕಿರುಚುತ್ತದೆ: ಲೋಹದ ಶಾಖಕ್ಕೆ ಥಟ್ಟನೆ ಹುಟ್ಟಿದ ಅನಿಲ ನಾಣ್ಯವನ್ನು ಎತ್ತುತ್ತದೆ, ಅದು ಮತ್ತೆ ಬೀಳುತ್ತದೆ, ಸೆಕೆಂಡಿಗೆ ನೂರಾರು ಸಲ. ನಾಣ್ಯ ತಣ್ಣಗಾದ ಮೇಲೆ ಸದ್ದು ನಿಲ್ಲುತ್ತದೆ.

ಮುಚ್ಚಳ ಹಾಕಬಾರದು

ಒಂದು ಲೀಟರ್ ಬಾಟಲಿಯಲ್ಲಿ 50 ಗ್ರಾಂ ಹಾಕಿ ಬಿಗಿದರೆ ಪೂರ್ತಿ ಆವಿಯಾಗುವ ಹೊತ್ತಿಗೆ ವಾಯುಮಂಡಲದ 27 ಪಟ್ಟು ಒತ್ತಡ. ಸೋಡಾ ಬಾಟಲಿ ಅಷ್ಟು ಹೊತ್ತು ಕಾಯುವುದಿಲ್ಲ, ಅದಕ್ಕಿಂತ ಬಹಳ ಮೊದಲೇ ಸಿಡಿಯುತ್ತದೆ. ಹೆಚ್ಚು ಗಟ್ಟಿ ಪಾತ್ರೆಯಾದರೆ ಹೆಚ್ಚು ಅಪಾಯ: 20 ಡಿಗ್ರಿಯಲ್ಲಿ ಒತ್ತಡ 57 ಬಾರ್‌ವರೆಗೂ ಏರಬಲ್ಲದು. ಥರ್ಮಾಸ್ ಫ್ಲಾಸ್ಕ್, ಸ್ಟೀಲ್ ನೀರಿನ ಬಾಟಲಿ, ತಿರುಪಿನ ಮುಚ್ಚಳದ ಡಬ್ಬಿ ಯಾವುದೂ ಬೇಡ. ಯಾರಾದರೂ ಮುಚ್ಚಿಬಿಟ್ಟದ್ದು ಕಂಡರೆ ತೆರೆಯಲು ಹೋಗದೆ ಎಲ್ಲರನ್ನೂ ದೂರ ಕಳಿಸಿ.

ಊಟದ ಜಾಗದಲ್ಲಿ

ಪಾನೀಯದ ಲೋಟಕ್ಕೆ ನೇರ ಹಾಕುವ ಶೋಕಿಯನ್ನು ಬಿಟ್ಟುಬಿಡಿ. ತಳದಲ್ಲಿರುವ ಚೂರು ನುಂಗಿದರೆ ಅನ್ನನಾಳ, ಹೊಟ್ಟೆ ಹೆಪ್ಪುಗಟ್ಟಿ ಗಾಯವಾಗುತ್ತವೆ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಕೆಫೆಯೊಂದರಲ್ಲಿ ಊಟದ ನಂತರದ ಮೌತ್ ಫ್ರೆಶ್ನರ್ ಎಂದು ಕೊಟ್ಟ ಡ್ರೈ ಐಸನ್ನು ಬಾಯಿಗೆ ಹಾಕಿಕೊಂಡವರು ರಕ್ತ ಕಾರಿ ಆಸ್ಪತ್ರೆ ಸೇರಿದರು. ನೋಡಲು ಸಕ್ಕರೆಯ ಹರಳಿನಂತೆಯೇ ಇರುತ್ತದೆ, ತಪ್ಪು ಅಷ್ಟು ಸುಲಭ. ಅದೇ ವರ್ಷ ದಾವಣಗೆರೆಯಲ್ಲಿ ಸುದ್ದಿಯಾದ ‘ಸ್ಮೋಕ್ ಬಿಸ್ಕತ್ತು’ ಬೇರೆ, ಅದರಲ್ಲಿ ಬಳಸಿದ್ದು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್.

ಹೊಗೆಯಾಡುವ ಪಾನಕ ಬೇಕೇ ಬೇಕೆಂದರೆ ಎರಡು ಪಾತ್ರೆ ಬಳಸಿ. ದೊಡ್ಡದರಲ್ಲಿ ಬಿಸಿನೀರು ಮತ್ತು ಡ್ರೈ ಐಸ್, ಅದರೊಳಗೆ ಅಂಚು ಎತ್ತರವಿರುವ ಚಿಕ್ಕದರಲ್ಲಿ ಪಾನಕ. ಬಡಿಸುವ ಸೌಟು ಚಿಕ್ಕ ಪಾತ್ರೆಯದೇ.

ತಾಗಿದರೆ, ತಲೆ ಸುತ್ತಿದರೆ

ಚರ್ಮಕ್ಕೆ ಕ್ಷಣಮಾತ್ರ ತಾಗಿದರೆ ಕೆಂಪಾಗಿ ಹೋಗುತ್ತದೆ. ಬೆಳ್ಳಗೆ ಬಿರುಸಾಗಿ, ಸ್ಪರ್ಶ ಗೊತ್ತಾಗದಂತಾಗಿದ್ದರೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ 20–30 ನಿಮಿಷ ಅದ್ದಿಡಿ. ಉಜ್ಜಬೇಡಿ, ಒಲೆಗೆ ಹಿಡಿಯಬೇಡಿ, ಅಂಟಿದ ಬಟ್ಟೆಯನ್ನು ಕೀಳದೆ ನೀರು ಹಾಕಿ ಬಿಡಿಸಿ. ಬೊಬ್ಬೆ ಎದ್ದರೆ ಒಡೆಯದೆ ಆಸ್ಪತ್ರೆಗೆ ಹೋಗಿ. ನುಂಗಿದ್ದರೆ ಕಾಯದೆ ಆಸ್ಪತ್ರೆಗೆ.

ಉಸಿರು ವೇಗವಾಗುವುದು, ತಲೆನೋವು, ಬೆವರು, ತಲೆಸುತ್ತು ಇವು ಅನಿಲದ ಲಕ್ಷಣಗಳು. ಕೂಡಲೇ ಹೊರಗಾಳಿಗೆ ಬನ್ನಿ. ತಗ್ಗಿನಲ್ಲೋ ಮುಚ್ಚಿದ ಕೋಣೆಯಲ್ಲೋ ಯಾರಾದರೂ ಬಿದ್ದಿದ್ದರೆ ಹಿಂದುಮುಂದು ನೋಡದೆ ನುಗ್ಗಬೇಡಿ, ಎಳೆಯಲು ಹೋದವರೇ ಎರಡನೆಯವರಾಗಿ ಬೀಳುತ್ತಾರೆ. ಹೊರಗಿನಿಂದಲೇ ಬಾಗಿಲು ಕಿಟಕಿ ತೆರೆದು, 112ಕ್ಕೆ ಕರೆ ಮಾಡಿ, ಉಸಿರಾಟದ ಸಾಧನವಿರುವ ಅಗ್ನಿಶಾಮಕದವರನ್ನು ಕರೆಸಿ.

ಮಿಕ್ಕದ್ದು

ಸಿಂಕಿಗೂ ಕಮೋಡಿಗೂ ಹಾಕಬೇಡಿ. ಪಿಂಗಾಣಿ ಬಿರುಕು ಬಿಡುತ್ತದೆ, ಪೈಪಿನ ನೀರು ಹೆಪ್ಪುಗಟ್ಟುತ್ತದೆ. ಚರಂಡಿ, ಕಸದ ಡಬ್ಬಿಯೂ ಬೇಡ. ಮಕ್ಕಳ, ಬೆಕ್ಕುನಾಯಿಗಳ ಕೈಗೆಟುಕದ ತಾರಸಿಯ ಮೂಲೆಯಲ್ಲಿ ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಬಿಟ್ಟುಬಿಡಿ. ಪೆಲೆಟ್ ಆದರೆ ಹಲಗೆಯ ಮೇಲೆ ಹರಡಿದರೆ ಬೇಗ ಮುಗಿಯುತ್ತದೆ. ಎರಡು ಕಿಲೋ ಇಟ್ಟಿಗೆಗೆ ಒಂದು ದಿನ ಕೊಡಿ. ಮಾರನೆಯ ದಿನ ತಳದಲ್ಲಿ ಸ್ವಲ್ಪ ನೀರು ಕಂಡರೆ ಅದು ಮೇಲೆ ಕೂತಿದ್ದ ಹಿಮ ಕರಗಿದ್ದು, ಒರೆಸಿ ಪೆಟ್ಟಿಗೆಯನ್ನು ಒಣಗಿಸಿಡಿ.